ಮುಚ್ಚಿದ ಕುಣಿ

ಬನಹಟ್ಟಿ
೧೨-೧೦-೧೯೭೯

ಬಾಡಗಂಡಿಯಲ್ಲಿರುವ ಅಕ್ಕ ಸೋಮವ್ವನಿಗೆ ತಂಗಿ ತಾರವ್ವನ ನಮಸ್ಕಾರ.

‘ಇಲ್ಲಿ ನಾವೆಲ್ಲ ಕ್ಷೇಮ’ ಎಂದು ಬರೆಯಲು ಹೋಗಿ ಕೈ ನಿಂತುಬಿಟ್ಟಿತು. ನಾವೆಲ್ಲ ಅಂದರೆ ಅದರಲ್ಲಿ ಯಾರ್ಯಾರನ್ನು ಹಿಡಿಯಬೇಕು ಅನ್ನುವುದೇ ಮೊನ್ನೆಯಿಂದ ತಿಳಿಯದಾಗಿದೆ. ಮೊದಲಿನಿಂದ ಹೇಳುತ್ತೇನೆ. ನೀನು ಅರ್ಧ ಓದಿ ಓಣಿಯವರನ್ನೆಲ್ಲ ಕೂಡಿಸಬೇಡ.

ಹಬ್ಬ ಬಂತೆಂದರೆ ಮನೆ ಹಸನು ಮಾಡುವುದು ನನ್ನ ಹುಚ್ಚು, ನಿನಗೆ ಗೊತ್ತೇ ಇದೆ. ಈ ಸಲ ದೀಪಾವಳಿಗೆ ಅಟ್ಟದಿಂದ ಶುರು ಮಾಡಿದೆ. ಅಕ್ಕ, ಈ ಮನೆಯವರು ಏನನ್ನೂ ಎಸೆಯುವ ಪೈಕಿ ಅಲ್ಲ. ಮೂರೇ ಕಾಲಿನ ಮಣೆ, ಮುರಿದ ರಾಟಿ, ತಳವಿಲ್ಲದ ಕೊಡ, ಸತ್ತ ಮಾವನದೊಂದು ಒಂಟಿ ಚಪ್ಪಲಿ. ಇದರ ಜೋಡಿ ಎಲ್ಲಿ ಎಂದು ಅತ್ತೆಯನ್ನು ಕೇಳಿದರೆ, ಎಲ್ಲೋ ಇದ್ದೀತು, ಸಿಗುವ ತನಕ ಇದಿರಲಿ ಎಂದಳು. ಶಂಕ್ರೆವ್ವನ ಸೊಸೆಯಾಗಿ ನಾನೂ ಕಲಿತಿದ್ದೇನೆ, ಎಸೆಯಲಿಲ್ಲ. ಡಾಲ್ಡಾ ಡಬ್ಬಿಗಳ ತಳಕ್ಕೆ ಮೊಳೆಯಿಂದ ತೂತು ಹೊಡೆದು ಕೊತ್ತಂಬರಿ, ಮೆಂತ್ಯೆ ಹಾಕಿದೆ. ತಳವಿಲ್ಲದ ಕೊಡವನ್ನು ಬಚ್ಚಲ ನೀರು ಹರಿಯುವಲ್ಲಿ ಹೂತು ಸೇವಂತಿಗೆ ಸಸಿ ನಟ್ಟೆ. ಕಾಸು ಬಿಚ್ಚದೆ ಇಷ್ಟಾಯಿತು ನೋಡು.

ನೀನು ಕಳಿಸಿದ ಹೀರೆ, ಚವಳಿ ಬೀಜಕ್ಕೆ ಮಾತ್ರ ಜಾಗವಿರಲಿಲ್ಲ. ಹೋದ ಮಳೆಗಾಲದಲ್ಲಿ ಹಿತ್ತಲ ಗೋಡೆ ಬಿದ್ದಿತ್ತಲ್ಲ, ಅದರ ಮಣ್ಣು ಅಲ್ಲೇ ಗುಡ್ಡೆಯಾಗಿತ್ತು. ಆಳು ಹಚ್ಚಿ ಹೊರಹಾಕಿಸುವಷ್ಟು ಉಳ್ಳವರೇ ನಾವು? ನಾನು ಸಾಹುಕಾರರ ಪವರ್‌ಲೂಮಿಗೆ ನೂಲಿನ ಕಂಡಿಕೆ ಸುತ್ತಿ ತಂದದ್ದರಲ್ಲಿ ಮೂವರ ಹೊಟ್ಟೆ ನಡೆದರೆ ಸಾಕಾಗಿದೆ.

ಆಗ ನನಗೆ ಪಡಸಾಲೆಯ ಕುಣಿ ಕಣ್ಣಿಗೆ ಬಿತ್ತು. ನೀನು ನೋಡಿದ್ದೀ, ಮಗ್ಗದ ಮುಂದೆ ನೇಯುವವರು ಕಾಲು ಇಳಿಬಿಟ್ಟು ಕೂಡುವ ಗುಂಡಿ. ನನ್ನ ಯಜಮಾನರು ಇಚಲಕರಂಜಿಗೆ ಪವರ್‌ಲೂಮಿನ ಕೆಲಸಕ್ಕೆ ಹೋದಾಗಿನಿಂದ ಅದರಲ್ಲಿ ಯಾರೂ ಕೂತಿಲ್ಲ. ಅವರು ಅಲ್ಲಿ ಯಾರ ಜೊತೆ ಬೇರೆ ಮನೆ ಹೂಡಿದ್ದಾರೆ ಅನ್ನುವುದು ನಿನಗೂ ಗೊತ್ತು, ಊರಿಗೂ ಗೊತ್ತು. ಆದರೆ ಅತ್ತೆ ಅಮಾವಾಸ್ಯೆಗೊಮ್ಮೆ ಕುಣಿಯ ಕಸ ತೆಗೆದು, ಮಗ್ಗಕ್ಕೆ ಕುಂಕುಮ ಹಚ್ಚುತ್ತಿದ್ದಳು. ಬಂದವನು ಕೂಡಬೇಡವೇ ಅನ್ನುತ್ತಿದ್ದಳು.

ಹೋದ ವಾರ ನನ್ನ ಮಗಳು ಕಸ್ತೂರಿ ಕೋಳಿ ಅಟ್ಟಿಸಿಕೊಂಡು ಬಂದು ಆ ಕುಣಿಯಲ್ಲಿ ಬಿದ್ದಳು. ಹಣೆ ಒಡೆದು ಮುಖವೆಲ್ಲ ರಕ್ತ. ನನಗೆ ಸಿಟ್ಟು ನೆತ್ತಿಗೇರಿತು. ಹಿತ್ತಲ ಮಣ್ಣು ತಂದು ಇದರಲ್ಲಿ ಸುರಿದರೆ ಮಗುವಿನ ಜೀವಕ್ಕೂ ಆಯಿತು, ಅಲ್ಲಿ ಬೀಜಕ್ಕೆ ಜಾಗವೂ ಆಯಿತು, ಮಗ್ಗದ ಕೋಲುಗಳಿಂದ ಬಳ್ಳಿಗೆ ಚಪ್ಪರವೂ ಆಯಿತು ಎಂದು ಲೆಕ್ಕ ಹಾಕಿದೆ. ಮೂರು ಕೆಲಸ, ಖರ್ಚಿಲ್ಲ. ನನ್ನ ಜಾಣತನಕ್ಕೆ ನಾನೇ ಹಿಗ್ಗಿ ಅತ್ತೆಗೆ ಹೇಳಿದೆ, ಕುಣಿ ಮುಚ್ಚಿಬಿಡೋಣ ಎಂದು.

ಅತ್ತೆ ಮೆಂತ್ಯೆ ಸೋಸುತ್ತಿದ್ದವಳು ಕೈ ನಿಲ್ಲಿಸಿದಳು. ನಿಜವಾಗಿಯೂ ಮುಚ್ಚುವುದೇ ಎಂದು ಕೇಳಿದಳು. ಹೌದು, ಇನ್ನೆಷ್ಟು ದಿನ ಹೀಗೆ ಬಾಯಿ ತೆರೆದುಕೊಂಡಿರಬೇಕು ಎಂದೆ. ಬಹಳ ಹೊತ್ತು ಕಸ್ತೂರಿಯ ಹಣೆಯ ಪಟ್ಟಿಯನ್ನೇ ನೋಡಿದಳು. ಆಮೇಲೆ ಎದ್ದು ತಲೆಯ ಮೇಲೆ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಹಿತ್ತಲಿಗೆ ಹೋಗಿ ಒಂದು ಬುಟ್ಟಿ ಮಣ್ಣು ತಂದು ತಾನೇ ಕುಣಿಗೆ ಹಾಕಿದಳು. ಮಣ್ಣಿನ ಕೆಲಸಕ್ಕೆ ಮೊದಲೇ ಯಾಕೆ ಸ್ನಾನ ಎಂದು ನಾನು ನಕ್ಕೆ. ಆಕೆ ನಗಲಿಲ್ಲ. ಉಳಿದದ್ದನ್ನು ನಾನೇ ಹೊತ್ತೆ. ಸಂಜೆಗೆ ನೆಲ ಸಮ ಮಾಡಿ ಸಗಣಿ ಸಾರಿಸಿ ರಂಗೋಲಿ ಹಾಕಬೇಕೆಂದಿದ್ದೆ. ಅತ್ತೆ ರಂಗೋಲಿ ಬೇಡ ಎಂದಳು.

ಮರುದಿನ ಬೆಳಿಗ್ಗೆ ಓಣಿಯ ಹೆಂಗಸರು ಒಬ್ಬೊಬ್ಬರೇ ಬಂದರು. ತಲೆ ತುಂಬ ಸೆರಗು, ಕೈಯಲ್ಲಿ ಬುತ್ತಿ. ಜೋಳದ ರೊಟ್ಟಿ, ಝುಣಕ, ಒಂದು ಪಾತ್ರೆ ಅನ್ನ. ಅತ್ತೆಸೊಸೆ ಇಬ್ಬರೇ ದುಡಿದು ದಣಿದಿದ್ದಾರೆ ಎಂದು ಅಡುಗೆ ತಂದಿದ್ದಾರೆ ಅಂದುಕೊಂಡೆ. ಇಂಥ ನೆರೆಹೊರೆ ಯಾರಿಗುಂಟು ಎನ್ನುತ್ತ ಬುತ್ತಿಗಳನ್ನು ಇಸಿದುಕೊಂಡೆ. ಪಕ್ಕದ ಮನೆಯ ಅನ್ನವ್ವನ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋಗಿ, ಇಲ್ಲಿ ಹೀರೆ, ಅಲ್ಲಿ ಚವಳಿ, ಈ ಮಗ್ಗದ ಕೋಲಿನ ಮೇಲೆ ಬಳ್ಳಿ ಎಂದು ತೋರಿಸಿದೆ. ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ನೀರು. ನನ್ನ ಹಣೆಯ ಕುಂಕುಮ ನೋಡಿದಳು, ಕೈಬಳೆ ನೋಡಿದಳು.

“ತಾರವ್ವಾ, ನಿನಗ ಖರೇನ ಗೊತ್ತಿಲ್ಲೇನಬೇ? ನಮ್ಮ ಓಣ್ಯಾಗ ನೇಯಾಂವ ಸತ್ತ ಮ್ಯಾಲೇ ಅವನ ಕುಣಿ ಮುಚ್ಚತಾರ. ಮನಿಯವ್ರು ಜಳಕಾ ಮಾಡಿ ಮೊದಲ ಬುಟ್ಟಿ ಮಣ್ಣ ಹಾಕ್ತಾರ. ನಿನ್ನ ಗಂಡ ದಶರಥಗ ಏನಾತಬೇ?”

ಅಕ್ಕ, ನಾವು ಹೊಲದವರು, ನಮಗೆ ಕುಣಿ ಎಂದರೆ ಗೊಬ್ಬರ ಹಾಕುವ ಗುಂಡಿ. ನೇಕಾರರ ಮನೆಗೆ ಬಂದು ಇಷ್ಟು ವರ್ಷವಾದರೂ ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಹೇಳುವ ಪ್ರಸಂಗ ಬಂದಿರಲಿಲ್ಲ, ಮಾವ ತೀರಿದಾಗ ಅದೇ ಕುಣಿಯಲ್ಲಿ ನನ್ನ ಯಜಮಾನರು ನೇಯಲು ಕೂತಿದ್ದರಿಂದ ಅದನ್ನು ಮುಚ್ಚಲಿಲ್ಲ. ಬದುಕಿರುವ ಗಂಡನನ್ನು ಮಣ್ಣು ಮಾಡೋಣ ಬಾ ಎಂದು ಅವರನ್ನು ಹೆತ್ತ ತಾಯಿಯನ್ನೇ ನಾನು ಕರೆದೆನಲ್ಲ ಎಂದು ನಾಲಿಗೆ ಕಚ್ಚಿಕೊಂಡೆ. ಓಡಿ ಒಳಗೆ ಬಂದೆ, ತಪ್ಪಾಯಿತು, ಮಣ್ಣು ತೆಗೆಯೋಣ ಎಂದು ಹೇಳಲು.

ಒಳಗೆ ಮುದುಕಿಯೊಬ್ಬಳು ಬಳೆಯ ಮಾತು ಎತ್ತಿದ್ದಳು. ಸೊಸೆಯ ಬಳೆ ತೆಗೆಯುವುದು ಯಾವಾಗ ಎಂದು ಕೇಳಿದಳು. ಅತ್ತೆ ಸಾರಿಸಿದ ನೆಲದ ಮೇಲೆ ಕೂತಿದ್ದಳು, ಧ್ವನಿ ಏರಿಸಲಿಲ್ಲ.

“ಸತ್ತಾಂವ ನನ್ನ ಮಗ. ಆಕೀ ಗಂಡ ಸತ್ತಾನೋ ಇದ್ದಾನೋ ಆಕೀನೇ ಹೇಳ್ಲಿ. ಆಕೀ ಬಳಿಗೆ ಯಾರೂ ಕೈ ಹಚ್ಚಬ್ಯಾಡ್ರಿ.”

ನಾನು ಬಾಗಿಲಲ್ಲೇ ಕೂತೆ. ನಿನಗೆ ಒಂದು ಸಂಗತಿ ಬರೆದಿರಲಿಲ್ಲ. ಆ ವಾರ ನೂಲಿನ ಲಾರಿಯ ಜಕ್ಕಪ್ಪ ಇಚಲಕರಂಜಿಯಿಂದ ಸುದ್ದಿ ತಂದಿದ್ದ, ಅಲ್ಲಿ ಅವರಿಗೆ ಗಂಡು ಮಗು ಹುಟ್ಟಿದೆ, ಪೇಢೆ ಹಂಚಿದರು ಎಂದು. ಅತ್ತೆಗೆ ತಿಳಿಯಬಾರದೆಂದು ನಾನು ಅವನ ಬಾಯಿ ಮುಚ್ಚಿಸಿದ್ದೆ. ಆಕೆಗೆ ನನಗಿಂತ ಮೊದಲೇ ತಿಳಿದಿತ್ತಂತೆ. ಆಕೆ ಎಲ್ಲ ತಿಳಿದೇ ಮಣ್ಣು ಹಾಕಿದಳು.

ಅಂದಿನಿಂದ ಓಣಿಯೆಲ್ಲ ನನ್ನ ಬಾಯಿ ನೋಡುತ್ತಿದೆ. ನಲ್ಲಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸಿ ಕೈಬಳೆ ನೋಡುತ್ತಾರೆ. ಇದ್ದಾರೆ ಎಂದರೆ ಅತ್ತೆಯ ಎದೆಗೆ ಒದ್ದ ಹಾಗೆ, ಇಲ್ಲ ಎಂದರೆ ನನ್ನ ಕೈಯಾರೆ ಕಸ್ತೂರಿಯನ್ನು ತಂದೆಯಿಲ್ಲದವಳನ್ನಾಗಿ ಮಾಡಿದ ಹಾಗೆ. ಅತ್ತೆ ಏನೂ ಕೇಳುವುದಿಲ್ಲ. ಬೆಳಿಗ್ಗೆದ್ದು ಹೀರೆ ಪಾತಿಗೆ ನೀರು ಹಾಕುತ್ತಾಳೆ. ನಿನಗೆ ಏನು ತೋಚುತ್ತದೆ, ತಡಮಾಡದೆ ಬರೆ. ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ದಿಕ್ಕು ತೋಚದೆ ಕೂತಿರುವ ನಿನ್ನ ತಂಗಿ,
ತಾರವ್ವ

ತಾ.ಕ.: ಈ ಕಾಗದ ಅಂಚೆ ಡಬ್ಬಿಗೆ ಹಾಕುವ ಮೊದಲೇ ನನ್ನ ಯಜಮಾನರು ಬಂದರು. ಜಕ್ಕಪ್ಪ ಹೇಳಿರಬೇಕು. ಮಧ್ಯಾಹ್ನದ ಬಸ್ಸಿಗೆ ಬಂದು ಹೊಸ್ತಿಲಲ್ಲಿ ನಿಂತು ಸಮವಾದ ನೆಲ ನೋಡಿದರು. ನೇಕಾರರ ಮಗ, ಬಿಡಿಸಿ ಹೇಳಬೇಕಾಗಿರಲಿಲ್ಲ, ಮುಖ ಬಿಳುಪೇರಿತು. ಅತ್ತೆ ತಲೆ ಎತ್ತದೆ ಅಕ್ಕಿ ಆರಿಸುತ್ತಿದ್ದಳು. ಅವರು ನನ್ನತ್ತ ತಿರುಗಿ, “ತಾರಾ, ನಾ ಎಲ್ಲಿ ಕೂಡ್ಲಿ?” ಎಂದರು. ನನಗೆ ಅಳು ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. “ಇಚಲಕರಂಜಿ ಬಸ್ ಇನ್ನೂ ಬಿಟ್ಟಿಲ್ರಿ, ಅದರಾಗ ಕೂಡ್ರಿ” ಎಂದೆ. ಬಾಯಿಂದ ಬಂದ ಮಾತಿಗೆ ನಾನೇ ಬೆಚ್ಚಿಬಿದ್ದೆ. ಅವರು ಚೀಲ ಎತ್ತಿಕೊಂಡು ಹೋದರು. ಓಣಿಯ ತಿರುವು ದಾಟುವವರೆಗೂ ಅತ್ತೆ ಅಲುಗಲಿಲ್ಲ. ಆಮೇಲೆ ಮೊರ ಕೆಳಗಿಟ್ಟು, “ಉಂಡು ಬಂದಿದ್ನೋ ಇಲ್ಲೋ, ಅದೊಂದು ಕೇಳಬೇಕಾಗಿತ್ತು” ಎಂದಳು.