ಹದ್ದಿನ ಮರಿಗೆ ಹೊತ್ತ ತೊಟ್ಟಿಲು

ಕಡಲೇರಿದ ಇನ್ನೂರ ಮೂರನೆಯ ವರ್ಷ, ಮೊಟ್ಟೆಯೊಡೆದು ಮರಿಯಾಗುವ ತಿಂಗಳು
ಮುಳುಗಿದ ಕುಮಟೆಯ ಮೇಲಿನ ಗುಡ್ಡದಿಂದ

ನಮಗಿಂತ ಮೊದಲು ಬದುಕಿದವರೇ,

ನಿಮ್ಮ ಕನ್ನಡವನ್ನು ಹಳೆಯ ಪುಸ್ತಕಗಳಿಂದ ಕಲಿತವನು ನಾನು. ಮಾತು ವಿಚಿತ್ರವಾಗಿ ಕಂಡರೆ ಮನ್ನಿಸಿ. ಕೋಪವನ್ನು ಮನ್ನಿಸಬೇಕಾಗಿಲ್ಲ.

ಬಿಳಿಹೊಟ್ಟೆಯ ಕಡಲಹದ್ದು ನಿಮಗೆ ಗೊತ್ತು. ನಮ್ಮ ಕರಾವಳಿಯಲ್ಲಿ ಉಳಿದದ್ದು ಒಂದೇ ಜೋಡಿ. ಎತ್ತರದ ಮರಗಳಿಲ್ಲದ ಕಾರಣ, ನೀವು ಬಿಟ್ಟುಹೋದ ತುಕ್ಕುಹಿಡಿದ ಮೊಬೈಲ್ ಟವರಿನ ಮೇಲೆ ಅವು ಗೂಡು ಕಟ್ಟಿದ್ದವು. ಬಹುದೂರದಲ್ಲಿ ನಮ್ಮ ಮರೆಗೂಡು, ಅಂದರೆ ಅಡಗಿ ಕೂತು ನೋಡುವ ಸೋಗೆಯ ಗುಡಿಸಲು. ಇಬ್ಬರು ಒಳಹೋಗಿ ಒಬ್ಬರು ಹೊರಬರುವುದು ಪದ್ಧತಿ. ಹದ್ದಿಗೆ ಎಣಿಕೆ ಬಾರದು. ಗುಡಿಸಲು ಖಾಲಿಯಾಯಿತೆಂದು ನಂಬಿ ನಿಶ್ಚಿಂತೆಯಿಂದ ಕೂರುತ್ತದೆ. ಒಳಗೆ ಉಳಿಯುತ್ತಿದ್ದವಳು ಕಾವಲಿನ ಗುಲಾಬಿ ಹರಿಕಂತ್ರ. ಮರಿಯನ್ನು ದುರ್ಬೀನಿನಲ್ಲಿ ಮೊದಲು ಕಂಡವಳೂ ಅವಳೇ.

ಊರು ಹುಚ್ಚೆದ್ದಿತು. ನಮ್ಮಲ್ಲಿ ಯಾರೂ ಹದ್ದಿನ ಮರಿ ಕಂಡವರಲ್ಲ. ಮನೆಯ ಕೂಸಿನಂತೆ ಇದಕ್ಕೂ ತೊಟ್ಟಿಲ ಶಾಸ್ತ್ರ ಮಾಡಿ ಹೆಸರಿಡಬೇಕೆಂದು ಊರ ಮುಖಂಡ ಲಂಬೋದರ ತಾಂಡೇಲ ಹೊರಟ. ಮಣ್ಣಿನ ಗುಮಟೆ ವಾದ್ಯ ಬಾರಿಸುತ್ತ, ಹೂ ಸುತ್ತಿದ ತೊಟ್ಟಿಲು ಹೊತ್ತು ಜನ ಟವರಿನ ಬುಡಕ್ಕೇ ನಡೆದರು. ಗುಲಾಬಿ ಓಡಿಬಂದು ಅಡ್ಡ ನಿಂತಳು.

"ಹಿಂದೆ ಸರೀರಾ! ತಾಯಿ ಎದ್ರೆ ಮರಿ ಉಳೂದಿಲ್ಲ!"

"ಎಂತದೇ ಗುಲಾಬಿ, ಹದ್ದಿನ ಬಾಣಂತನ ನಿಂಗೆ ಯಾರು ಕೊಟ್ರು?" ಎಂದ ತಾಂಡೇಲ. ಎಲ್ಲರೂ ನಕ್ಕರು.

ತಾಯಿ ಎದ್ದಿತು. ಚೀರುತ್ತ ಎರಗಿ ತಾಂಡೇಲನ ನೆತ್ತಿಯನ್ನು ಉಗುರಿನಿಂದ ಸೀಳಿತು. ರಕ್ತ ಕಂಡದ್ದೇ ತಡ, ಹರಸಲು ಬಂದ ಕೈಗಳು ಕಲ್ಲೆತ್ತಿದವು. ರೆಕ್ಕೆ ಮುರಿದು ಬಿದ್ದ ಹಕ್ಕಿಯನ್ನು ಗುಮಟೆಯಿಂದಲೇ, ಅದು ಒಡೆಯುವವರೆಗೆ ಜಜ್ಜಿದರು. ಅದರ ಮೇಲೆ ಮೈಚಾಚಿ ಬಿದ್ದ ಗುಲಾಬಿಯ ತೋಳನ್ನೂ ಮುರಿದರು. ಗಂಡುಹದ್ದು ಮೀನಿಗಾಗಿ ಕಡಲಿಗೆ ಹೋಗಿತ್ತು. ಕಾಯುವವರಿಲ್ಲದ ಗೂಡಿಗೆ ಕಾಗೆಗಳು ಇಳಿದು ಮರಿಯನ್ನು ಹರಿದು ಹಂಚಿಕೊಂಡವು. ಅದರ ಬಿಳಿ ತುಪ್ಪುಳು ತೊಟ್ಟಿಲೊಳಗೆ ಉದುರಿತು.

ಪ್ರೀತಿಯಿಂದ ಬಂದ ಜನವೇ ಇದನ್ನು ಮಾಡಿತು. ಇಂಥ ಪ್ರೀತಿಯನ್ನು ನೀವು ಕಲಿಸಿದಿರಿ. ಗೂಡಿನಿಂದ ದೂರ ನಿಲ್ಲಿ ಎಂದು ನಿಮ್ಮ ಪುಸ್ತಕಗಳಲ್ಲಿದೆ. ಗೂಡಿನ ಪಕ್ಕದಲ್ಲಿ ಹಲ್ಲುಕಿರಿದು ನಿಂತ ನಿಮ್ಮ ಫೋಟೋಗಳೂ ನಮ್ಮಲ್ಲಿವೆ. ನಮ್ಮ ಜನ ಫೋಟೋ ನೋಡಿದರು, ಪುಸ್ತಕ ಓದಲಿಲ್ಲ.

ನಿಮ್ಮ ಕಾಲದಲ್ಲಿ ಹದ್ದುಗಳು ಇನ್ನೂ ಬದುಕಿವೆ. ಹಕ್ಕಿ ತಲೆಯೆತ್ತಿ ನಿಮ್ಮನ್ನೇ ನೋಡಿತೆಂದರೆ ನೀವು ಆಗಲೇ ತೀರ ಹತ್ತಿರ ಬಂದಿದ್ದೀರಿ. ಸದ್ದಿಲ್ಲದೆ ಹಿಂದಿರುಗಿ.

ಇಂದು ಬೆಳಿಗ್ಗೆಯೂ ಗಂಡುಹದ್ದು ಮೀನು ತಂದು ಬರಿಗೂಡಿನಲ್ಲಿಟ್ಟಿತು. ಮರೆಗೂಡಿನಿಂದ ಗುಲಾಬಿ ಒಂದೇ ಕೈಯಲ್ಲಿ ದುರ್ಬೀನು ಹಿಡಿದು ನೋಡುತ್ತಿದ್ದಾಳೆ. ಅವಳ ಜೊತೆ ಒಳಹೋಗಿ, ಹದ್ದಿಗೆ ಕಾಣುವಂತೆ ಒಬ್ಬನೇ ಹೊರಬಂದವನು ನಾನು.

ಗಣಪು ಅಂಬಿಗ