ಫಂಗಸ್ ಯಾರದು?

ನವೆಂಬರ್ 18, ಸೋಮವಾರ

ಬೀಳಗಿಯ ಪಶು ದವಾಖಾನೆಯಿಂದ ಮತ್ತೆ ಗಲಗಲಿಗೆ. ಧರೆಪ್ಪನವರ ಹಟ್ಟಿ. ಕುರಿಮರಿಗಳ ಮೂತಿ, ಕಿವಿಯ ಮೇಲೆ ದುಂಡನೆಯ ಬಿಳಿ ಕಲೆ, ಕೂದಲು ಉದುರಿದೆ. ಗಜಕರ್ಣ, ಫಂಗಸ್ಸಿನಿಂದ ಹರಡುವ ಚರ್ಮರೋಗ. ಬ್ಲೇಡಿನಿಂದ ಅಂಚು ಕೆರೆದು ಟ್ಯೂಬಿಗೆ ಹಾಕಿಕೊಂಡೆ.

ಸೊಸೆ ರೇಷ್ಮಾ ದೂರ ನಿಂತಿದ್ದಳು. ಅವಳ ಕುತ್ತಿಗೆಯ ಮೇಲೂ ಅದೇ. ಅತ್ತೆ ಸಾತವ್ವ ಶುರು ಮಾಡಿದಳು: "ಇಕಿ ತವರಿಂದ ತಂದಾಳ್ರಿ. ನಮ್ಮ ಮನ್ಯಾಗ ಇಂಥಾದ್ದ ಇದ್ದಿಲ್ಲ." ರೇಷ್ಮಾಳಿಗೆ ಈಗ ತಾಟು ಬೇರೆ, ಹಾಸಿಗೆ ಬೇರೆ. ಗಂಡ ಪರಮೇಶ ನನಗೆ ಇನ್ನೊಂದು ಮರಿ ಹಿಡಿದು ಕೊಟ್ಟ. ಸಿಟ್ಟು ಬಂದು ಹೇಳಿಬಿಟ್ಟೆ — ಡಿಎನ್‌ಎ ಟೆಸ್ಟ್ ಮಾಡಿಸೋಣ, ಫಂಗಸ್ ಕುರಿಯದೋ ಮನುಷ್ಯರದೋ ಗೊತ್ತಾಗುತ್ತದೆ. ಕುರಿಯದ್ದೇ. ನನಗೆ ಖಾತ್ರಿ.

ನ. 20

ಜಮಖಂಡಿಯಲ್ಲಿ ಚರ್ಮದ ಡಾಕ್ಟರ್ ನೇಹಾ, ನನ್ನ ಗೆಳತಿ, ರೇಷ್ಮಾಳ ಸ್ಯಾಂಪಲ್ ತೆಗೆದಳು. ಎರಡೂ ಒಂದೇ ಲ್ಯಾಬಿಗೆ.

ಬಸ್ ಹತ್ತುವಾಗ ರೇಷ್ಮಾ ಕೇಳಿದಳು: "ಡಾಕ್ಟರಕ್ಕಾ, ಕುರೀದ ಅಂತ ಬರತೈತಲ್ರಿ?" ಹೂಂ ಅಂದೆ. ಯಾಕಂದೆನೋ...

ಡಿಸೆಂಬರ್ 9

ರಿಪೋರ್ಟ್ ಬಂತು. ಮರಿಯದೂ ರೇಷ್ಮಾಳದೂ ಒಂದೇ ಫಂಗಸ್. ಮನುಷ್ಯರ ಮೈಮೇಲೆ ಬದುಕುವ ಜಾತಿ. ಅಂದರೆ ಮನೆಯವರಲ್ಲಿ ಯಾರಿಂದಲೋ ಮರಿಗಳಿಗೆ ಹತ್ತಿದೆ. ಯಾರಿಂದ ಅಂತ ಈ ಟೆಸ್ಟ್ ಹೇಳುವುದಿಲ್ಲ. ಪರಮೇಶನಿಗೆ ಫೋನಿನಲ್ಲಿ ಇದನ್ನೇ ಬಿಡಿಸಿ ಹೇಳಿದೆ. ಕೇಳಿಸಿಕೊಂಡಿದ್ದು ಅರ್ಧ. ಹಿಂದಿನಿಂದ ಸಾತವ್ವನ ದನಿ: "ನಾ ಹೇಳಿದ್ನಿಲ್ಲೋ!"

ಡಿ. 11

ರೇಷ್ಮಾಳನ್ನು ರನ್ನ ಬೆಳಗಲಿಗೆ, ತವರಿಗೆ, ಕಳಿಸಿದ್ದಾರೆ. ನನ್ನ ರಿಪೋರ್ಟಿನ ಹೆಸರು ಹೇಳಿಯೇ.

ಡಿ. 14

ತಡೆಯಲಾಗದೆ ಹಟ್ಟಿಗೆ ಹೋದೆ. ಚಳಿ. ಮೊನ್ನೆ ಹುಟ್ಟಿದ ಮರಿ ಧರೆಪ್ಪನವರ ಕಂಬಳಿಯೊಳಗೆ, ಅವರ ಹೊಟ್ಟೆಗೆ ಒತ್ತಿಕೊಂಡು ಮಲಗಿತ್ತು. ಎಳೆ ಮರಿಗಳನ್ನು ಹೀಗೇ ಬೆಚ್ಚಗಿಡುತ್ತಾರಂತೆ, ಅವರಪ್ಪನ ಕಾಲದಿಂದ. ಇಷ್ಟು ಸಲ ಬಂದೆ, ಕುರಿ ನೋಡಿದೆ, ಸೊಸೆಯನ್ನು ನೋಡಿದೆ. ಕಂಬಳಿ ನೋಡಲಿಲ್ಲ!

ದಿನಾ ಅದನ್ನು ಜಾಡಿಸಿ ಮಡಚುವವರು ಯಾರು ಅಂತ ಕೇಳಿದೆ. "ಸೊಸೀರಿ" ಅಂದರು. ಹೇಳುತ್ತಲೇ ಸೊಂಟ ಕೆರೆದುಕೊಂಡರು. ನಾನು ನೋಡಿದ್ದು ಅವರಿಗೆ ತಿಳಿಯಿತು.

ಡಿ. 16, ಬೆಳಿಗ್ಗೆ

ದವಾಖಾನೆ ಬಾಗಿಲಲ್ಲಿ ಧರೆಪ್ಪ, ಒಬ್ಬರೇ. ಅಂಗಿ ಎತ್ತಿ ತೋರಿಸಿದರು. ಸೊಂಟದ ಸುತ್ತ ಗಜಕರ್ಣ. ಅಂಗಡಿಯ ಯಾವುದೋ ಮುಲಾಮು ಹಚ್ಚಿ ಹಚ್ಚಿ ಚರ್ಮ ತೆಳ್ಳಗಾಗಿದೆ.

"ಸೊಸಿ ಬರೂಕಿಂತ ಮದಲಿಂದ ಐತ್ರಿ."

"ಮತ್ತ ಆ ಹುಡಿಗಿನ್ನ ಕಳಸೂವಾಗ ಯಾಕ ಸುಮ್ಮನಿದ್ರಿ?"

"ಬೀರಪ್ಪನ ಪೂಜಾರಿ ಅದೀನ್ರಿ. ಊರಾಗ ಗೊತ್ತಾದ್ರ ಗುಡಿ ಒಳಗ ಬಿಡೂದಿಲ್ಲ. ಔಷಧ ಕೊಡ್ರಿ, ಮನ್ಯಾಗ ಮಾತ್ರ ಹೇಳಬ್ಯಾಡ್ರಿ ಯವ್ವಾ."

ಕಣ್ಣಲ್ಲಿ ನೀರು. ಪಾಪ ಅನ್ನಿಸಿತು. ಸಿಟ್ಟೂ ಬಂತು. ನೇಹಾಳ ಹತ್ತಿರ ಹೋಗಲು ಹೇಳಿದೆ. ಮನೆಯಲ್ಲಿ ಹೇಳಬೇಡಿ ಅಂದದ್ದಕ್ಕೆ ಹೂಂ ಅನ್ನಲಿಲ್ಲ.

ಸಂಜೆ

ರೇಷ್ಮಾಳಿಗೆ ಫೋನ್ ಹಚ್ಚಿದೆ. ಅವಳೇ ಎತ್ತಿದಳು.

"ಡಾಕ್ಟರಕ್ಕಾ, ಮರಿಗೋಳು ಆರಾಮ ಆದುವೇನ್ರಿ? ನನ್ನ ಸಲುವಾಗಿ ಪಾಪ ಅವಕ್ಕ..."

ಅವಳೂ ನಂಬಿಬಿಟ್ಟಿದ್ದಾಳೆ.

"ನಿನ್ನಿಂದ ಅಲ್ಲ ರೇಷ್ಮಾ," ಅಂದೆ. "ನಿಮ್ಮ ಮಾವ—"