ಚಾವಡಿಯಲ್ಲಿ ಓದಿದ ವರದಿ

ಹಗರೆ
೨೪–೫–೧೯೫೯

ಪ್ರಿಯ ಷಡಕ್ಷರಪ್ಪ,

ನಾವೆಲ್ಲ ಇಲ್ಲಿ ಸೌಖ್ಯ; ಗಂಡಸಿಯಲ್ಲಿ ನೀವೂ ಹಾಗೇ ಇದ್ದೀರೆಂದುಕೊಂಡಿದ್ದೇನೆ. ಯುಗಾದಿಗೆ ನೀನು ಕಳಿಸಿದ ತೆಂಗಿನಕಾಯಿ ಮುಗಿದರೂ ನನ್ನ ಕಾಗದ ಬರಲಿಲ್ಲವೆಂದು ಬೈದಿರುತ್ತೀಯ. ಬೈಯಿ, ತಪ್ಪು ನನ್ನದೇ. ಆದರೆ ಸುದ್ದಿ ಕೇಳಿದರೆ ಎದ್ದು ಕುಣಿಯುತ್ತೀಯ. ನಾವು ಗೆದ್ದೆವು ಕಣಯ್ಯ!

ಪೆರೋಲಿನ ಅರ್ಜಿಗಳ ಪಾಡು ಜೈಲು ಕಂಡು ಬಂದ ನಿನಗೆ ಹೇಳಬೇಕೇ? ಕೈದಿಯ ಊರಿನಿಂದ ವರದಿ ಕೇಳುತ್ತಿದ್ದರು. ಶಾನುಭೋಗನಾದವನು ಕೂತಲ್ಲೇ ‘ಸದರಿ ಆಸಾಮಿ ಗ್ರಾಮಕ್ಕೆ ಬಂದಲ್ಲಿ ಶಾಂತಿಭಂಗವಾಗುವ ಸಂಭವವಿರುತ್ತದೆ’ ಎಂದು ಗೀಚಿದರೆ ಅರ್ಜಿ ಅಲ್ಲಿಗೆ ಸತ್ತಿತು. ವರದಿಯನ್ನು ಚಾವಡಿಯಲ್ಲಿ ಎಲ್ಲರ ಮುಂದೆ ಓದಬೇಕು, ನೊಂದ ಮನೆಯವರ ಮಾತನ್ನೂ ಬರೆದುಕೊಳ್ಳಬೇಕು ಎಂದು ಅಮಲ್ದಾರರಿಗೆ ನಾಲ್ಕು ಸಲ ಬರೆದೆ.

ಅವರು ನಕ್ಕು, “ಏನ್ರೀ ಶಾನುಭೋಗರೇ, ಶಾನುಭೋಗರ ಮೇಲೆ ನೀವೇ ದೂರು ಕೊಡ್ತೀರಲ್ಲ? ನಿಮಗ್ಯಾಕೆ ಈ ಉಸಾಬರಿ?” ಎಂದರು. ನಾನು ಉತ್ತರ ಕೊಡಲಿಲ್ಲ. ಐದನೆಯ ಸಲಕ್ಕೆ ಬೇಸತ್ತು, “ನಿಮ್ಮೂರಲ್ಲೇ ಮಾಡಿ ನೋಡಿ” ಎಂದುಬಿಟ್ಟರು.

ಮೊದಲು ಬಂದದ್ದು ಲಕ್ಕಪ್ಪನ ಅರ್ಜಿ. ನೀರಿನ ಜಗಳದಲ್ಲಿ ಗುರುಸಿದ್ದಮ್ಮನ ಗಂಡನನ್ನು ಹೊಡೆದು ಕೊಂದನಲ್ಲ, ಅವನೇ. ಮಗಳ ಮದುವೆಗೆಂದು ಎಂಟು ದಿನ ಕೇಳಿದ್ದ. ಚಾವಡಿಯಲ್ಲಿ ಓದಿದೆ. ಗುರುಸಿದ್ದಮ್ಮ ಸೆರಗು ಬಿಗಿದು ಎದ್ದಳು.

“ಅವನ ಮಕ ನೋಡಕಿಲ್ಲ ನಾನು. ಆದ್ರೆ ಆ ಹುಡ್ಗಿ ಏನ್ ಮಾಡೈತೆ? ಧಾರೆ ಎರ್ಯಕೆ ಅಪ್ಪ ಬರ್ಲಿ. ನಮ್ ಬೀದಿಗೆ ಮಾತ್ರ ಕಾಲಿಕ್ಕಬಾರ್ದು. ಅಂಗಂತ ಬರ್ಕಳಿ ಸ್ವಾಮಿ” ಎಂದಳು. ಹಾಗೆಯೇ ಬರೆದುಕೊಂಡೆ, ಹೆಬ್ಬೆಟ್ಟು ಒತ್ತಿದಳು.

ಲಕ್ಕಪ್ಪ ಬಂದ. ಆ ಬೀದಿ ತಪ್ಪಿಸಿ, ಕೆರೆ ಏರಿಯನ್ನು ಸುತ್ತಿಕೊಂಡು ಚಪ್ಪರಕ್ಕೆ ಹೋದ. ಧಾರೆ ಎರೆಯುವಾಗ ಅರ್ಧ ಹಾಲು ಅಳಿಯನ ಪಂಚೆಯ ಮೇಲೆ! ಒಂಬತ್ತನೆಯ ದಿನ ಬೆಳಗ್ಗೆ ಯಾರೂ ಕರೆಯದೆಯೇ ಮೊದಲ ಬಸ್ಸಿಗೆ ಬಂದು ನಿಂತಿದ್ದ. ಈಗ ತಾಲ್ಲೂಕಿಗೆಲ್ಲ ಇದೇ ಕ್ರಮವೆಂದು ಅಮಲ್ದಾರರ ಹುಕುಂ ಆಗಿದೆ. ನನಗೆ ಮೀಸೆ ಇದ್ದಿದ್ದರೆ ತಿರುವುತ್ತಿದ್ದೆ.

ನಿನ್ನ ಮನೆಯಾಕೆಗೂ ಮಕ್ಕಳಿಗೂ ಚೆನ್ನಕೇಶವ ಒಳ್ಳೆಯದು ಮಾಡಲಿ.

ನಿನ್ನ ಸಹಪಾಠಿ,
ರಾಮಾನುಜ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಅಮಲ್ದಾರರಿಗೆ ಕೊಡದ ಉತ್ತರ ನಿನಗೆ ಸಲ್ಲಬೇಕು. ಐವತ್ತೆರಡರಲ್ಲಿ ನಿನ್ನ ತಾಯಿ ಸುವರ್ಣಮ್ಮ ಇಲ್ಲಿ ಕೊನೆಯ ಸಲ ಹಾಸಿಗೆ ಹಿಡಿದಾಗ ನೀನು ಜೈಲಿನಿಂದ ಹಾಕಿದ ಅರ್ಜಿಯನ್ನು ಪೊಲೀಸರು ಕೆಡಿಸಿದರೆಂದು ಇವತ್ತಿಗೂ ನಂಬಿದ್ದೀಯ. ಅದನ್ನು ಕೆಡಿಸಿದ್ದು ನನ್ನ ಕೈಬರಹ. ಯಾರನ್ನೂ ಕೇಳದೆ, ಹಳೆಯ ವರದಿಯೊಂದನ್ನು ನಕಲು ಮಾಡಿ, ಹೆಸರಷ್ಟೇ ಬದಲಿಸಿ ಕಳಿಸಿದ್ದೆ. ಮಾರನೆಯ ದಿನ ನಿನ್ನ ತಾಯಿಯನ್ನು ನೋಡಲು ಹೋದೆ. “ರಾಮಾನುಜ, ನಮ್ ಷಡಕ್ಷರಿ ಬತ್ತಾನೇನಪ್ಪಾ?” ಎಂದು ಕೇಳಿದರು.

“ಬರ್ತಾನಮ್ಮ” ಎಂದಿದ್ದೆ.